ಗೋಪುರದ ಮಾತಿನಲ್ಲಿ ತಮಾಷೆಗೆ ಜಾಗ ಎಷ್ಟು?

ಕೆಲವು ತಿಂಗಳ ಹಿಂದೆ ಗೆಳೆಯನೊಬ್ಬ ಒಂದು ರೀಲ್ ಕಳುಹಿಸಿದ್ದ. ಕೊಲ್ಲಮೊಗ್ರಿನ ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ತೋಟ ದಾಟಿ ಗುಡ್ಡ ಹತ್ತಿ, ಒಂದು ಬಂಡೆಯ ಮೇಲೆ ಕುಳಿತು ಅದನ್ನು ನೋಡಿದೆ. ಅಮೆರಿಕದ ಪೈಲಟ್‌ಗಳು ರೇಡಿಯೊದಲ್ಲಿ ಒಬ್ಬರಿಗೊಬ್ಬರು ಬೆಕ್ಕಿನಂತೆ ‘ಮಿಯಾಂವ್’ ಎನ್ನುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕೆ, ನಾಲ್ಕು ಗ್ರೂಪ್‌ಗಳಿಗೆ ಫಾರ್ವರ್ಡ್ ಕೂಡ ಮಾಡಿದೆ.

ಆಮೇಲೆ ಗೊತ್ತಾಯಿತು, ಪೈಲಟ್‌ಗಳು ಹೀಗೆ ಮಿಯಾಂವ್ ಎನ್ನುವುದು ಹೆಚ್ಚಾಗಿ 121.5 ಮೆಗಾಹರ್ಟ್ಸ್‌ನಲ್ಲಿ. ಅಪಾಯದಲ್ಲಿರುವ ವಿಮಾನ ಸಹಾಯಕ್ಕಾಗಿ ಕೂಗಲೆಂದು ಜಗತ್ತಿನಾದ್ಯಂತ ಮೀಸಲಿಟ್ಟ ತರಂಗಾಂತರ ಅದು. ನಗು ಅಲ್ಲಿಗೇ ನಿಂತಿತು.

ನಾನು ಸುಳ್ಯದಲ್ಲಿ ಅಂತಿಮ ವರ್ಷದ ಬಿಎಸ್ಸಿ ಓದುತ್ತಿದ್ದೇನೆ. ಭೌತಶಾಸ್ತ್ರ, ಗಣಿತ ನನ್ನ ವಿಷಯಗಳು. 2025ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ವಾಯು ಸಂಚಾರ ನಿಯಂತ್ರಣ ವಿಭಾಗದ 309 ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗಳಿಗೆ ಅರ್ಜಿ ಕರೆದಾಗ, ನಮ್ಮಂಥ ಬಿಎಸ್ಸಿಯವರಿಗೂ ಅದಕ್ಕೆ ಅರ್ಹತೆ ಇದೆ ಎಂಬುದು ನನಗೆ ಹೊಸ ಸುದ್ದಿ. ಅಂದಿನಿಂದ ಈ ಕೆಲಸದ ಬಗ್ಗೆ ಓದುತ್ತಾ ಬಂದಿದ್ದೇನೆ. ಪರೀಕ್ಷೆಯಲ್ಲಿ ಕೇಳುವ ಗಣಿತಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅಲ್ಲಿನ ಮಾತಿನ ಶಿಸ್ತು.

ಗೋಪುರದಲ್ಲಿ ಕುಳಿತ ನಿಯಂತ್ರಕರೂ ಆ ಪ್ರದೇಶದ ಎಲ್ಲ ಪೈಲಟ್‌ಗಳೂ ಒಂದೇ ತರಂಗಾಂತರದಲ್ಲಿರುತ್ತಾರೆ. ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತನಾಡಬಹುದು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳಿಸುವುದು ಕಿರ್ರೆನ್ನುವ ಸದ್ದು ಅಷ್ಟೆ. ನಿಯಂತ್ರಕರು ಹೇಳಿದ ಸೂಚನೆಯನ್ನು ಪೈಲಟ್ ಮರಳಿ ಹೇಳಬೇಕು, ಅದು ಸರಿಯಾಗಿದೆಯೇ ಎಂದು ನಿಯಂತ್ರಕರು ಕಿವಿಗೊಟ್ಟು ಕೇಳಬೇಕು. ಸಂಖ್ಯೆಗಳ ಉಚ್ಚಾರವೂ ಬೇರೆ: ಮೂರು ಎಂದರೆ ‘ಟ್ರೀ’, ಐದು ‘ಫೈಫ್’, ಒಂಬತ್ತು ‘ನೈನರ್’. ಒಂದು ಇನ್ನೊಂದರಂತೆ ಕೇಳಿಸಬಾರದು ಎಂಬುದಷ್ಟೇ ಕಾರಣ. ಎದುರಿಗಿರುವವರ ಮುಖ ಕಾಣದ ಕಡೆ ಪದವೊಂದೇ ಆಧಾರ.

ಈ ಶಿಸ್ತಿಗೆ ತೆತ್ತ ಬೆಲೆ ದೊಡ್ಡದು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಒಂದು ವಿಮಾನದ ಪೈಲಟ್ ಅನುಮತಿ ಸಿಗುವ ಮೊದಲೇ ಓಡಲು ಶುರುಮಾಡಿದ್ದ. ಅವನ ಅಸ್ಪಷ್ಟ ಮಾತಿಗೆ ಗೋಪುರದಿಂದ ಬಂದದ್ದು ಮೊದಲಿಗೆ ಒಂದು ‘ಓಕೆ’. ‘ಕಾಯಿರಿ’ ಎಂದು ನಂತರ ಹೇಳಿದ್ದು, ಇನ್ನೊಂದು ವಿಮಾನವೂ ಅದೇ ಕ್ಷಣ ಮಾತನಾಡಿದ್ದರಿಂದ, ಸರಿಯಾಗಿ ಕೇಳಿಸಲೇ ಇಲ್ಲ. ದಿನಕ್ಕೆ ನೂರು ಸಲ ನಾವು ಟೈಪ್ ಮಾಡುವ ‘ಓಕೆ’ ಅದು. ಆ ದುರಂತದ ಬಳಿಕ ‘ಟೇಕ್‌ಆಫ್’ ಎಂಬ ಪದವನ್ನೇ ಕಟ್ಟಿಹಾಕಲಾಯಿತು. ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಅದನ್ನು ಬಳಸಬೇಕು.

ಹಾಗಾದರೆ ಒಂದು ನಗೆಮಾತಿಗೂ ಜಾಗವಿಲ್ಲವೇ? 2010ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ನಿಯಂತ್ರಕರೊಬ್ಬರು ತಮ್ಮ ಪುಟ್ಟ ಮಗನನ್ನು ಗೋಪುರಕ್ಕೆ ಕರೆತಂದು, ಅವನ ಬಾಯಿಂದಲೇ ವಿಮಾನಗಳಿಗೆ ಸೂಚನೆ ಕೊಡಿಸಿದರು. ಅಪ್ಪ ಹೇಳಿಕೊಟ್ಟದ್ದನ್ನು ಹುಡುಗ ಹೇಳಿದ. ಪೈಲಟ್‌ಗಳು ಮೆಚ್ಚಿಕೊಂಡರು, ಯಾರಿಗೂ ಏನೂ ಆಗಲಿಲ್ಲ. ಆದರೂ ಆ ನಿಯಂತ್ರಕರನ್ನೂ ಮೇಲ್ವಿಚಾರಕರನ್ನೂ ಕೆಲಸದಿಂದ ದೂರವಿರಿಸಿ ತನಿಖೆ ನಡೆಯಿತು. ‘ಇಷ್ಟು ಸಣ್ಣದಕ್ಕೆ ಇದೆಲ್ಲ ಅತಿಯಾಯಿತು’ ಎಂದು ನನಗೂ ಮೊದಲು ಅನಿಸಿತ್ತು.

ಆದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, 2009ರ ಆಗಸ್ಟ್ 8ರಂದು, ಅದೇ ಊರಿನ ಹಡ್ಸನ್ ನದಿಯ ಮೇಲೆ ಸಣ್ಣ ವಿಮಾನವೊಂದು ಪ್ರವಾಸಿಗರ ಹೆಲಿಕಾಪ್ಟರಿಗೆ ಡಿಕ್ಕಿ ಹೊಡೆದು 9 ಮಂದಿ ಸತ್ತಿದ್ದರು. ವಿಮಾನವನ್ನು ಕಳುಹಿಸಿಕೊಟ್ಟ ಟೀಟರ್‌ಬರೊ ನಿಲ್ದಾಣದ ನಿಯಂತ್ರಕರು ಆ ಹೊತ್ತಿನಲ್ಲಿ ಫೋನಿನಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಹರಟೆಯಲ್ಲಿದ್ದರು. ನಿಲ್ದಾಣದಲ್ಲಿ ಸಿಕ್ಕ ಸತ್ತ ಬೆಕ್ಕೊಂದರ ಬಗ್ಗೆ ತಮಾಷೆ ನಡೆದಿತ್ತು. ಮುಂದೆ ಸಂಪರ್ಕಿಸಬೇಕಾದ ತರಂಗಾಂತರವನ್ನು ಪೈಲಟ್ ತಪ್ಪಾಗಿ ಮರಳಿ ಹೇಳಿದಾಗ ಅದನ್ನು ತಿದ್ದಲಿಲ್ಲ. ಆ ಸೀಮಿತ ಜಾಗದಲ್ಲಿ ಪೈಲಟ್‌ಗಳು ಒಬ್ಬರನ್ನೊಬ್ಬರು ನೋಡಿ ತಪ್ಪಿಸಿಕೊಳ್ಳುವುದು ಕಷ್ಟವಿತ್ತು ಎಂದ ತನಿಖೆ, ಈ ಹರಟೆಯನ್ನೂ ಕಾರಣಗಳ ಸಾಲಿಗೆ ಸೇರಿಸಿತು. ತಮಾಷೆ ಯಾರನ್ನೂ ಕೊಲ್ಲಲಿಲ್ಲ. ತಿದ್ದಬೇಕಾದ ಹೊತ್ತಿನ ಕಿವಿಯನ್ನು ಅದು ಕಸಿದುಕೊಂಡಿತು.

ಇದೆಲ್ಲ ದೂರದ ಕಥೆ ಎನ್ನುವಂತಿಲ್ಲ. 2022ರ ಆಗಸ್ಟ್ 14ರಂದು ನಮ್ಮ ಮಂಗಳೂರು ನಿಲ್ದಾಣದಿಂದ ಮುಂಬೈಗೆ ಹೊರಟಿದ್ದ ವಿಮಾನದಲ್ಲಿ ಯುವಕನೊಬ್ಬ ಗೆಳತಿಯ ಜೊತೆ ಚಾಟ್ ಮಾಡುತ್ತಿದ್ದ. ಆಕೆ ಬೇರೆ ವಿಮಾನದಲ್ಲಿ ಬೆಂಗಳೂರಿಗೆ ಹೋಗುವವಳಿದ್ದಳು. ಭದ್ರತೆಯ ಬಗ್ಗೆ ಇಬ್ಬರ ನಡುವೆ ತಮಾಷೆಯ ಸಂದೇಶಗಳು ಓಡಾಡಿದವು. ಪಕ್ಕದ ಪ್ರಯಾಣಿಕರೊಬ್ಬರ ಕಣ್ಣಿಗೆ ಒಂದು ಸಂದೇಶ ಬಿತ್ತು. ಸಿಬ್ಬಂದಿ ಎಟಿಸಿಗೆ ತಿಳಿಸಿದರು, ಹೊರಟಿದ್ದ ವಿಮಾನ ಹಿಂದಿರುಗಿತು, ಎಲ್ಲರನ್ನೂ ಇಳಿಸಿ ಬ್ಯಾಗುಗಳನ್ನು ಜಾಲಾಡಲಾಯಿತು. 185 ಮಂದಿ ಮತ್ತೆ ಹತ್ತಿ ಹೊರಡುವಾಗ ಸುಮಾರು ಆರು ತಾಸು ತಡವಾಗಿತ್ತು. ಅದು ಇಬ್ಬರ ಖಾಸಗಿ ಚಾಟ್. ಗೋಪುರದ ರೇಡಿಯೊದಲ್ಲಿ ಖಾಸಗಿ ಎಂಬುದೇ ಇಲ್ಲ.

ಬಜಪೆಯ ಹೆಸರು ಬಂದರೆ ನಮ್ಮ ಜಿಲ್ಲೆಯವರಿಗೆ 2010ರ ಮೇ 22 ನೆನಪಾಗದೆ ಇರುವುದಿಲ್ಲ. ದುಬೈನಿಂದ ಬಂದ ವಿಮಾನ ಬೆಳಿಗ್ಗೆ ಆರರ ಹೊತ್ತಿಗೆ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಉಳಿದವರು 8. ಅಲ್ಲಿ ತಮಾಷೆ ಇರಲಿಲ್ಲ. ಆದರೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆಯಲ್ಲಿ ಹೊರಬಂದ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಎರಡು ದಿನಗಳಿಂದ ಇಲ್ಲಿನ ರೇಡಾರ್ ಕೆಟ್ಟಿತ್ತು. ವಿಮಾನ ಇಳಿಯಲು ತಡವಾಗಿ ಶುರುಮಾಡಿ, ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ನಿಲ್ದಾಣದ ಮಾರ್ಗದರ್ಶಕ ತರಂಗಗಳ ಹಾದಿಗೆ ಸರಿಯಾಗಿ ಬಂದಿದ್ದೀರಾ ಎಂದು ಗೋಪುರ ಕೇಳಿತು. ‘ಅಫರ್ಮೇಟಿವ್’ ಎನ್ನುವಂತೆ ಕ್ಯಾಪ್ಟನ್ ಸಹಪೈಲಟ್‌ಗೆ ಸೂಚಿಸಿದರು. ಹೌದು ಎಂಬ ಉತ್ತರ ಹೋಯಿತು, ಇಳಿಯಲು ಅನುಮತಿ ಬಂತು. ಮೇಲೇರಿ ಮತ್ತೆ ಪ್ರಯತ್ನಿಸೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದು ವ್ಯರ್ಥವಾಯಿತು.

ಕಾರಣಗಳು ಹಲವಿದ್ದವು, ಒಂದೇ ಪದದ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಆದರೂ ಪದಕ್ಕೂ ವಸ್ತುಸ್ಥಿತಿಗೂ ನಡುವೆ ಬಿರುಕು ಬಿಟ್ಟರೆ ಏನಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಗೋಪುರದ ಮಾತಿನಲ್ಲಿ ತಮಾಷೆಗೆ ನಾನು ಅಂಜುವುದು ಇದೇ ಕಾರಣಕ್ಕೆ. ತಮಾಷೆ ಎಂದರೆ ಹೇಳಿದ್ದು ಒಂದು, ಅರ್ಥ ಇನ್ನೊಂದು. ಹೇಳಿದ್ದೇ ಅರ್ಥ ಎಂಬ ನಂಬಿಕೆಯ ಮೇಲೆ ನಿಂತ ಕಡೆ ಆ ಅಭ್ಯಾಸ ನುಸುಳಬಾರದು.

ಇದು ನನಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಪಿಯುಸಿ ರಜೆಯಲ್ಲಿ ತೋಟದಲ್ಲಿ ಅಡಿಕೆ ಕೊಯ್ಲು ನಡೆದಿತ್ತು. ಮರದ ತುದಿಯಲ್ಲಿದ್ದ ಚಿಕ್ಕಪ್ಪ ಗೊನೆ ಹಾಕುವ ಮೊದಲು ಪ್ರತಿಸಲವೂ ಕೇಳುತ್ತಿದ್ದರು, “ಕೆಳಗೆ ಯಾರಾದ್ರೂ ಉಂಟಾ?” ಹೇಳುವ ಕೆಲಸ ನನ್ನದು. ನಾನು ತಮ್ಮನ ಜೊತೆ ಏನೋ ಜೋಕು ಹೇಳಿಕೊಂಡು ನಗುತ್ತಿದ್ದೆ. ನೋಡದೆಯೇ “ಇಲ್ಲ, ಹಾಕಿ” ಎಂದುಬಿಟ್ಟೆ. ಉದುರಡಿಕೆ ಹೆಕ್ಕುತ್ತಾ ದೊಡ್ಡಮ್ಮ ಅದೇ ಮರದ ಬುಡಕ್ಕೆ ಬಂದಿದ್ದರು. ಗೊನೆ ಅವರ ಭುಜದಿಂದ ಒಂದು ಗೇಣು ಆಚೆ ಬಿತ್ತು.

ಚಿಕ್ಕಪ್ಪ ಇಳಿದು ಬಂದರು. ಬೈಯಲಿಲ್ಲ. “ಮೇಲೆ ಇರುವವನಿಗೆ ಸೋಗೆ ಅಡ್ಡ, ಕೆಳಗೆ ಎಂತದೂ ಕಾಣುವುದಿಲ್ಲ ಮಾರಾಯ. ನಿನ್ನ ಬಾಯಿಯೇ ನನಗೆ ಕಣ್ಣು” ಎಂದರು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಹಾಗೆಂದು ವೃತ್ತಿಪರತೆ ಎಂದರೆ ಮುಖ ಗಂಟಿಕ್ಕಿಕೊಂಡಿರುವುದಲ್ಲ. ನಮ್ಮ ದೇಶದ ರೇಡಿಯೊದಲ್ಲೂ ‘ನಮಸ್ಕಾರ್’ ಕೇಳಿಬರುತ್ತದೆ. ಕಂಗಾಲಾದ ಪೈಲಟ್‌ಗೆ ಗೋಪುರದ ಸಮಾಧಾನದ ದನಿಯೇ ದೊಡ್ಡ ಧೈರ್ಯ. ಗಂಟೆಗಟ್ಟಲೆ ಪರದೆ ನೋಡುವವರಿಗೆ ನಗು ಬೇಕೇ ಬೇಕು, ಅದಕ್ಕೆ ವಿರಾಮದ ಕೋಣೆ ಇದೆ. ವಿಮಾನ 10,000 ಅಡಿಗಿಂತ ಕೆಳಗಿರುವಾಗ ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಸಂಬಂಧಿಸದ ಮಾತು ಬೇಡ ಎಂದು ಅಮೆರಿಕ 1981ರಲ್ಲಿ ನಿಯಮ ಮಾಡಿತು. ಅದೂ ನಗುವನ್ನು ನಿಷೇಧಿಸಲಿಲ್ಲ, ಅದಕ್ಕೊಂದು ಹೊತ್ತು ಗೊತ್ತುಮಾಡಿತು.

ನಮ್ಮಲ್ಲಿ ಹೆಚ್ಚಿನವರು ಗೋಪುರ ಹತ್ತಲಿಕ್ಕಿಲ್ಲ. ಆದರೆ ಯಾರೋ ಆಸ್ಪತ್ರೆಯ ಡಿಸ್ಪೆನ್ಸರಿಯಲ್ಲಿ, ಯಾರೋ 108ರ ಫೋನ್ ಮುಂದೆ, ಯಾರೋ ವಿದ್ಯುತ್ ಲೈನ್ ಆಫ್ ಮಾಡುವ ಸಬ್‌ಸ್ಟೇಷನ್‌ನಲ್ಲಿ ಕೂರುತ್ತೇವೆ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೂ ನಮ್ಮ ಒಂದು ‘ಹೌದು’ ಸಾಕು. ಇಂಟರ್‌ವ್ಯೂಗೆಂದು ನಾವು ಟೈ ಕಟ್ಟುವುದನ್ನು, ಇಂಗ್ಲಿಷ್ ಉಚ್ಚಾರವನ್ನು ಕಲಿಯುತ್ತೇವೆ. ಕೇಳಿಸದಿದ್ದರೆ ನಾಚದೆ ‘ಇನ್ನೊಮ್ಮೆ ಹೇಳಿ’ ಎನ್ನುವುದನ್ನು, ನೋಡದೆ ‘ಹೌದು’ ಎನ್ನದಿರುವುದನ್ನು ಎಷ್ಟು ಮಂದಿ ಕಲಿಯುತ್ತೇವೆ?

ಈಗಲೂ ಕೊಯ್ಲಿಗೆ ಕೆಳಗೆ ನಿಲ್ಲುವವನು ನಾನೇ. ಮೇಲಿನಿಂದ ಪ್ರಶ್ನೆ ಬಂದಾಗ ಒಂದು ಸುತ್ತು ತಿರುಗಿ ನೋಡುತ್ತೇನೆ, ಆಮೇಲೆ ಉತ್ತರ ಕೊಡುತ್ತೇನೆ. ಜೋಕು ಸಂಜೆಯ ಚಹಾಕ್ಕೆ ಇರುತ್ತದೆ.

– ಅಂತಿಮ ಬಿಎಸ್ಸಿ ವಿದ್ಯಾರ್ಥಿ, ಕೊಲ್ಲಮೊಗ್ರು