ಕಡಲ ತಳದಲ್ಲಿ ಸಿಕ್ಕ ಉತ್ತರ

ನಮ್ಮವರು ತೀರಿಹೋದರೆಂದು ತಿಳಿದರೂ ಹೇಗೆ ತೀರಿಹೋದರೆಂದು ತಿಳಿಯದಿದ್ದರೆ ಮನಸ್ಸಿಗೆ ನೆಮ್ಮದಿಯಿರುವುದಿಲ್ಲ. 2009ರ ಜೂನ್ 1ರಂದು ಬ್ರೆಝಿಲ್‌ನಿಂದ ಪ್ಯಾರಿಸ್‌ಗೆ ಹಾರುತ್ತಿದ್ದ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಅದರಲ್ಲಿದ್ದ 228 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಕೆಲವು ಮೃತದೇಹಗಳು ತೇಲಿ ಸಿಕ್ಕವು. ಆದರೆ ಕಾರಣ ಹೇಳಬಲ್ಲ ಬ್ಲ್ಯಾಕ್ ಬಾಕ್ಸ್‌ಗಳು ಸುಮಾರು 3,900 ಮೀಟರ್ ಆಳದಲ್ಲಿದ್ದವು. ಮೂರು ಸುತ್ತಿನ ಹುಡುಕಾಟವೂ ಫಲ ಕೊಡಲಿಲ್ಲ.

2011ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ತಂಡ ರೀಮಸ್ 6000 ಎಂಬ ಮೂರು ಸ್ವಯಂಚಾಲಿತ ಯಂತ್ರಗಳನ್ನು ನೀರಿಗಿಳಿಸಿತು. ಕಡಲ ತಳದ ನಕ್ಷೆ ತಯಾರಿಸುವುದು ಇವುಗಳ ಕೆಲಸ. ಒಳಗೆ ಮನುಷ್ಯರಿಲ್ಲ, ಹಡಗಿಗೆ ಕಟ್ಟಿದ ಹಗ್ಗವೂ ಇಲ್ಲ. ರೇಡಿಯೋ ತರಂಗಗಳು ಸಮುದ್ರದ ನೀರಿನಲ್ಲಿ ದೂರ ಸಾಗುವುದಿಲ್ಲ. ಹಾಗಾಗಿ ಮೊದಲೇ ಕೊಟ್ಟ ಆದೇಶದಂತೆ, ಗದ್ದೆಯಲ್ಲಿ ಸಾಲು ಬಿಡದೆ ಉಳುವವರಂತೆ, ಇವು ಅತ್ತಿಂದಿತ್ತ ಸಾಗುತ್ತವೆ. ಶಬ್ದದ ಅಲೆಗಳನ್ನು ಕಳಿಸಿ, ಮರಳಿದ ಪ್ರತಿಧ್ವನಿಯಿಂದ ತಳದ ಚಿತ್ರ ಸಿದ್ಧಪಡಿಸುತ್ತವೆ. ಮೇಲೆ ಬಂದ ಬಳಿಕ ತಜ್ಞರು ಆ ಚಿತ್ರಗಳನ್ನು ಪರೀಕ್ಷಿಸುತ್ತಾರೆ. ಸಂಶಯ ಬಂದ ಜಾಗಕ್ಕೆ ಯಂತ್ರ ಕ್ಯಾಮರಾದೊಂದಿಗೆ ಮತ್ತೆ ಇಳಿಯುತ್ತದೆ.

ಎರಡು ವರ್ಷ ಕಾಣದ ಅವಶೇಷಗಳು ಹತ್ತೇ ದಿನಗಳೊಳಗೆ ಪತ್ತೆಯಾದವು. ಮೇ ತಿಂಗಳಲ್ಲಿ ಬೇರೊಂದು ಯಂತ್ರ ಬ್ಲ್ಯಾಕ್ ಬಾಕ್ಸ್‌ಗಳನ್ನು ಮೇಲೆತ್ತಿತು. ನೂರಕ್ಕೂ ಹೆಚ್ಚು ಮೃತದೇಹಗಳೂ ಮೇಲೆ ಬಂದವು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜಿನ ಹರಳು ಕಟ್ಟಿ ತಪ್ಪು ಅಳತೆ ಬಂದಿತ್ತು, ಗೊಂದಲಕ್ಕೊಳಗಾದ ಪೈಲಟ್‌ಗಳು ವಿಮಾನದ ಹತೋಟಿ ಕಳೆದುಕೊಂಡಿದ್ದರು ಎಂದು 2012ರ ತನಿಖಾ ವರದಿ ತಿಳಿಸಿತು. ಪೈಲಟ್‌ಗಳ ತರಬೇತಿ ಸುಧಾರಿಸಬೇಕೆಂದೂ ಅದು ಸೂಚಿಸಿತು.

ಗಲ್ಫ್‌ನಿಂದ ರಜೆಗೆ ಬರುವ ನಮ್ಮವರ ವಿಮಾನ ನಡೆಸುವವರಿಗೂ ಆ ಪಾಠ ಬೇಕಾದದ್ದೇ.