ನಾಡಕೋವಿ ಕಂಡವರಿಗೆ ಗಣಿ ಕಾಣದೇಕೆ?

ನೀರಿನ ಕೊಳವೆಯೇ ನಳಿಗೆ. ಕೈಯಿಂದ ಕೆತ್ತಿದ ಮರದ ಹಿಡಿ. ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿಯ ಬಲದಿಂದ ತೋಟಾಕ್ಕೆ ಬಡಿಯುವ ಮೊಳೆ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ಅಂತರ್ಯುದ್ಧದಲ್ಲಿ ತಯಾರಾದ ಇಂತಹ ನಾಡಕೋವಿಗಳು ಇಂದು ಐತಿಹಾಸಿಕ ವಸ್ತುಗಳೆನಿಸಿವೆ. ಆಯುಧಾಸಕ್ತರು ಅವುಗಳ ಜಾಣ್ಮೆಯನ್ನು ಕೊಂಡಾಡುತ್ತಾರೆ. ಈ ಕೊಂಡಾಟವನ್ನು ನಾವು ಒಪ್ಪುವುದಿಲ್ಲ.

ಅಷ್ಟಕ್ಕೂ ಆ ಜನರಿಗೆ ಕೊಳವೆಯನ್ನು ಕೋವಿಯಾಗಿಸುವ ಅಗತ್ಯ ಬಿದ್ದುದೇಕೆ? 1972ರಲ್ಲಿ ಪಂಗುನಾದಲ್ಲಿ ಬೃಹತ್ ತಾಮ್ರದ ಗಣಿ ಉತ್ಪಾದನೆ ಆರಂಭಿಸಿತು. ಪಪುವಾ ನ್ಯೂಗಿನಿಯ ರಫ್ತು ಆದಾಯದ ಶೇ. 40ಕ್ಕೂ ಹೆಚ್ಚು ಭಾಗ ಅಲ್ಲಿಂದಲೇ ಬರುತ್ತಿತ್ತು. ಭೂಮಿಯ ಒಡೆಯರಿಗೆ ದಕ್ಕಿದ್ದು ಪುಡಿಗಾಸು. ಅವರ ನದಿಗಳಿಗೆ ಸುರಿದದ್ದು ನೂರು ಕೋಟಿ ಟನ್ನಿಗೂ ಮಿಕ್ಕಿದ ತ್ಯಾಜ್ಯ. ಅಹವಾಲುಗಳಿಗೆ ಕಿವಿಗೊಡುವವರಿರಲಿಲ್ಲ. 1988ರ ಕೊನೆಯಲ್ಲಿ, ಅದೇ ಗಣಿಯಲ್ಲಿ ಸರ್ವೇಯರ್ ಆಗಿದ್ದ ಫ್ರಾನ್ಸಿಸ್ ಓನಾರ ಕಡೆಯವರು ಗಣಿಯಿಂದಲೇ ಕದ್ದ ಸ್ಫೋಟಕಗಳಿಂದ ವಿದ್ಯುತ್ ಗೋಪುರಗಳನ್ನು ಉರುಳಿಸಿದರು. 1989ರಲ್ಲಿ ಗಣಿ ಮುಚ್ಚಿತು. ಸರಕಾರ ಸೈನ್ಯ ನುಗ್ಗಿಸಿತು, 1990ರಿಂದ ದ್ವೀಪಕ್ಕೆ ದಿಗ್ಬಂಧನ ವಿಧಿಸಿತು. ಔಷಧವೂ ಬಾರದ ನಾಡಿಗೆ ಕೋವಿ ಬಂದೀತೆ? ಎರಡನೇ ಮಹಾಯುದ್ಧದಲ್ಲಿ ಉಳಿದುಹೋದ ತುಕ್ಕು ಹಿಡಿದ ಆಯುಧಗಳನ್ನು ಅವರು ಹೆಕ್ಕಿ ರಿಪೇರಿ ಮಾಡಿದರು. ಕೊಳವೆಗಳೂ ಕೋವಿಗಳಾದವು. ಎದುರಿಗಿದ್ದುದು ಆಸ್ಟ್ರೇಲಿಯಾ ಕೊಟ್ಟ ಹೆಲಿಕಾಪ್ಟರುಗಳು! ದಾಳಿಗೆ ಬಳಸಬಾರದೆಂಬ ಷರತ್ತು ಕಾಗದದಲ್ಲೇ ಉಳಿಯಿತು.

ಹಾಗೆಂದು ಕೋವಿಗೆ ಮಾಲೆ ಹಾಕುವವರೊಂದಿಗೂ ನಾವಿಲ್ಲ. ಅದು ಸೈನಿಕನತ್ತ ಮಾತ್ರವಲ್ಲ, ನೆರೆಹಳ್ಳಿಯ ಸೋದರನತ್ತಲೂ ತಿರುಗಿತು. ಯುದ್ಧ, ರೋಗ, ದಿಗ್ಬಂಧನಗಳಿಗೆ ಬಲಿಯಾದವರು 20,000ದಷ್ಟಿರಬಹುದೆಂಬ ಅಂದಾಜಿದೆ. 2001ರ ಶಾಂತಿ ಒಪ್ಪಂದದ ಬಳಿಕ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಸುಮಾರು 2,000 ಆಯುಧಗಳು ನಾಶವಾದವು, ನಾಡಕೋವಿಗಳೂ ಅದರಲ್ಲಿದ್ದವು. 2019ರ ಜನಮತಗಣನೆಯಲ್ಲಿ ಶೇ. 98ರಷ್ಟು ಮಂದಿ ಸ್ವಾತಂತ್ರ್ಯ ಬಯಸಿದರು.

ಬಡವನು ತನ್ನ ಕೋವಿಯನ್ನು ಒಪ್ಪಿಸಿದ. ಕಂಪೆನಿ ಏನನ್ನು ಒಪ್ಪಿಸಿತು? 2016ರಲ್ಲಿ ರಿಯೊ ಟಿಂಟೊ ತನ್ನ ಶೇ. 53.8 ಪಾಲನ್ನು ಬಿಟ್ಟುಕೊಟ್ಟು, ಶುಚಿಗೊಳಿಸುವ ಹೊಣೆ ತನ್ನದಲ್ಲವೆಂದು ಕೈತೊಳೆದುಕೊಂಡಿತು. ಸ್ಥಳೀಯರ ದೂರಿನ ಬಳಿಕವೇ, 2021ರಲ್ಲಿ, ಹಾನಿಯ ಅಧ್ಯಯನಕ್ಕೆ ಸಮ್ಮತಿಸಿತು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಮೊದಲ ಹಂತದ ವರದಿಯನ್ನು ಅದು ಒಪ್ಪಿಯೂ ಇದೆ. ಒಪ್ಪಿದವರು ಹಣವನ್ನೂ ತೆರಲಿ. ಕೋವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವವರು ಅದರ ಫಲಕದಲ್ಲಿ ಗಣಿಯ ಹೆಸರನ್ನೂ ಪಾಲುದಾರರ ಹೆಸರನ್ನೂ ಬರೆಯಲಿ.