ತೋಟಾಕ್ಕೆ ದರಪಟ್ಟಿ ಯಾಕಿಲ್ಲ?



ಈ ಸಾಲು ಬರೆಯುವವನ ಮನೆಯಲ್ಲೂ ಹನ್ನೆರಡು ಬೋರಿನ ಒಂದು ಒಂಟಿನಳಿಗೆ ಬಂದೂಕು ಐತಿ. ಅಪ್ಪನ ಕಾಲದ್ದು, ಲೈಸೆನ್ಸಿನದು. ಮೆಕ್ಕೆಜೋಳ ತೆನೆ ಹಿಡಿಯುವ ಹೊತ್ತಿಗೆ ಹಂದಿ ಹಿಂಡು ಇಳಿಯಿತು ಅಂತ ತೋಟಾ ತರಲು ದೂರದ ಪಟ್ಟಣಕ್ಕೆ ಹೋದೆ. ಅಂಗಡಿಯವ ಮೊದಲು ಅಂದದ್ದು, 'ಮಾಲಿಲ್ರಿ'. ಅರ್ಧ ತಾಸು ಕೂತ ಮೇಲೆ ಒಳಗಿನಿಂದ ಹತ್ತು ತೋಟಾ ಬಂದವು. ಲೈಸೆನ್ಸ್ ಪುಸ್ತಕದಲ್ಲಿ ಹತ್ತು ಎಂದು ಸರಿಯಾಗಿಯೇ ಬರೆದ. ಆದರೆ ಬಿಲ್ಲಿನಲ್ಲಿ ಬರೆದ ದರ ಒಂದು, ಎಣಿಸಿಕೊಂಡ ರೊಕ್ಕ ಇನ್ನೊಂದು. ಕೇಳಿದರೆ, 'ಬ್ಯಾಡಾದ್ರ ಬಿಡ್ರಿ, ಹಿಂದ ನಾಕು ಮಂದಿ ನಿಂತಾರ.'

ದರ ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ. ದರ ಅನ್ನುವುದೇ ಇಲ್ಲ; ಮುಖ ನೋಡಿ ಹೇಳುತ್ತಾರೆ. ಲೆಕ್ಕಕ್ಕೆ ಸುಮ್ಮನೆ ತೋಟಾಕ್ಕೆ ನೂರು ರೂಪಾಯಿ ಎಂದು ಹಿಡಿಯಿರಿ. 2025-26ರ ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಅಂದರೆ ಒಂದು ಸಲ ಕುದುರೆ ಎಳೆದರೆ ನಾಲ್ಕು ಕಿಲೋ ಮೆಕ್ಕೆಜೋಳ ಹೊಗೆಯಾಗಿ ಹೋಯಿತು. ಅದೂ ಬೆಂಬಲ ಬೆಲೆ ಸಿಕ್ಕವನಿಗೆ. ಸಂತೆಯಲ್ಲಿ ಮಾರಿದವನು ಐದಾರು ಕಿಲೋ ಸುಟ್ಟ ಎನ್ನಿ. ಇದರ ಮೇಲೆ ಬಾದಾಮಿಯವನು ಹುಬ್ಬಳ್ಳಿಗೆ ಹೋಗಿಬಂದರೆ ಇನ್ನೂರು ಕಿಲೋಮೀಟರಿನ ಬಸ್ ಚಾರ್ಜು, ಒಂದು ದಿನದ ಪಗಾರ. ಕೈಗಡ ತಂದು ತೋಟಾ ಕೊಳ್ಳುವವರೂ ನಮ್ಮಲ್ಲಿ ಇದ್ದಾರೆ.

'ಬಂದೂಕು ಯಾಕ ಬೇಕ್ರಿ ನಿಮಗ?' ಅಂತ ಪ್ಯಾಟಿಯವರು ಕೇಳುತ್ತಾರೆ. 1959ರ ಆಯುಧ ಕಾಯ್ದೆಯ 13ನೇ ಕಲಮು ಓದಿ ಎಂದು ಅವರಿಗೆ ಹೇಳಿ. ಸ್ವರಕ್ಷಣೆಗೆ ಅಥವಾ ಕ್ರೀಡೆಗೆ ಸಾದಾ ನಳಿಗೆಯ ಬಂದೂಕು, ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ, ಇವಕ್ಕೆ ಲೈಸೆನ್ಸ್ ಕೊಡಬೇಕೆಂದು ಅಲ್ಲಿಯೇ ಬರೆದಿದೆ. ಬೆಳೆ ರಕ್ಷಣೆ ಎಂಬ ಮಾತನ್ನು ಕಾಯ್ದೆಯೊಳಗೆ ಇಟ್ಟವರು ತೋಟಾ ಎಲ್ಲಿಂದ ಬರುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಎಲ್ಲಿಂದ ಬರುತ್ತದೆ, ನೋಡೋಣ. ನಮ್ಮ ಕಡೆ ಬಂದೂಕಿನವರ ಬಾಯಲ್ಲಿರುವುದು ಪುಣೆ ಬಳಿಯ ಖಡಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ಹೆಸರು. 1869ರಲ್ಲಿ ಶುರುವಾದದ್ದು. 2021ರ ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿಯನ್ನೇ ಎತ್ತಿಹಾಕಿ ಏಳು ಕಂಪನಿ ಮಾಡಿತು. ಖಡಕಿ ಈಗ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗೆ. ಅಲ್ಲಿ ಸೈನ್ಯದ ಕೆಲಸ ಮೊದಲು, ಅದು ಸರಿಯೇ. ಉಳಿದದ್ದು ಅಂಗಡಿಗೆ, ಅಂಗಡಿಯಲ್ಲಿ ಉಳಿದದ್ದು ನಮಗೆ. ಹೊರದೇಶದ ಮಾಲು ತರಿಸುವ ಬಾಗಿಲು ಹೆಸರುವಾಸಿ ಗುರಿಕಾರರಿಗೆ ತೆರೆದಿದೆ. ಅವರು ಪದಕ ತರಲಿ, ನಮ್ಮ ತಕರಾರಿಲ್ಲ. ಹಂದಿ ಕಾಯುವವನಿಗೆ ಆ ಬಾಗಿಲಿಲ್ಲ.

ಹೊರಗೂ ಮಾಲಿನ ಎಳೆದಾಟ ನಡೆದಿದೆ. 2020-21ರಲ್ಲಿ ಅಮೆರಿಕದ ಅಂಗಡಿಗಳೇ ಬರಿದಾಗಿದ್ದವು. 2022ರಲ್ಲಿ ಉಕ್ರೇನ್ ಯುದ್ಧ ಬಿದ್ದ ಮೇಲೆ ಯುರೋಪಿನಲ್ಲಿ ಮದ್ದಿಗೇ ಕೊರತೆ. ಆ ಮದ್ದು ಯಾವುದರಿಂದ ಆಗುತ್ತದೆ ಗೊತ್ತೇನು? ಹತ್ತಿಯಿಂದ! ಅರಳೆ ತೆಗೆದ ಮೇಲೆ ಹತ್ತಿಕಾಳಿಗೆ ಅಂಟಿಕೊಂಡ ಸಣ್ಣ ನೂಲಿನ ತುಪ್ಪಟವನ್ನು ಗಿರಣಿಯವರು ಕೆರೆದು ಮಾರುತ್ತಾರೆ. ಅದಕ್ಕೆ ಲಿಂಟರ್ ಅನ್ನುತ್ತಾರೆ. ಅದನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲದಲ್ಲಿ ಅದ್ದಿದರೆ ಹೊಗೆಯಿಲ್ಲದ ಮದ್ದಿನ ಮೂಲ ಸಿದ್ಧ. ಹುನಗುಂದದ ಯರೆಹೊಲದಲ್ಲಿ ಹತ್ತಿ ಬೆಳೆದವನು ಕಾಳು, ತುಪ್ಪಟ ಎಲ್ಲ ಸೇರಿಸಿ ಒಂದೇ ತೂಕದಲ್ಲಿ, ವ್ಯಾಪಾರಿ ಹೇಳಿದ ದರಕ್ಕೆ ಸುರಿದು ಬರುತ್ತಾನೆ. ಅಂಥದೇ ತುಪ್ಪಟ ಹಿತ್ತಾಳೆಯ ತಳದ ಕೊಳವೆಯಲ್ಲಿ ಕೂತು ಬಂದಾಗ ಅಂಗಡಿಯವ ಹೇಳಿದ ದರಕ್ಕೆ ಕೊಳ್ಳುತ್ತಾನೆ. ಮಾರುವಾಗಲೂ ಅವರ ದರ, ಕೊಳ್ಳುವಾಗಲೂ ಅವರ ದರ.

ಇಳಕಲ್ಲಿನ ನೇಕಾರರನ್ನು ಕೇಳಿ, ನೂಲಿನ ವಿಷಯದಲ್ಲಿ ಅವರೂ ಇದೇ ಮಾತು ಹೇಳುತ್ತಾರೆ.

ತೋಟಾ ಸಿಗದಿದ್ದರೆ ಏನಾಗುತ್ತದೆ ಎಂಬುದೇ ನಮ್ಮ ನಿಜವಾದ ಚಿಂತೆ. ಹಂದಿ ಬಿಲ್ಲು ನೋಡಿ ತಿರುಗಿ ಹೋಗುವುದಿಲ್ಲ. ಲೈಸೆನ್ಸಿನ ಬಂದೂಕು ಗೋಡೆಗೆ ತೂಗಿತೆಂದರೆ ರೈತನ ಕೈ ಬೇಲಿ ತಂತಿಗೆ ಹೋಗುತ್ತದೆ. ರಾತ್ರಿ ಕಂಬದಿಂದ ಕರೆಂಟು ಎಳೆದು ಬಿಡುತ್ತಾನೆ. ನಸುಕಿನಲ್ಲಿ ನೀರು ಕಟ್ಟಲು ಬಂದ ಪಕ್ಕದ ಹೊಲದವನು ಅದನ್ನು ತುಳಿಯುತ್ತಾನೆ. ಇಲ್ಲವೇ ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುತ್ತಾರೆ, ಕಚ್ಚಿದ್ದು ಆಕಳು. ಇದನ್ನು ಮಾಡಬೇಡಿ ಎಂದು ಈ ಪುಟದಿಂದ ಕೈಮುಗಿದು ಹೇಳುತ್ತೇವೆ. ಒಂದು ಎಕರೆ ಬೆಳೆಗಾಗಿ ಒಬ್ಬನ ಜೀವ, ಇನ್ನೊಬ್ಬನ ಜೈಲು ಆಗಬಾರದು.

ಇನ್ನೊಂದು ಮಾತನ್ನು ಒರಟಾಗಿಯೇ ಹೇಳಬೇಕು. ಬೀಳಗಿ-ಮುಧೋಳ ಸೀಮೆಯ ಯಡಹಳ್ಳಿ ಅಡವಿ 2016ರಲ್ಲಿ ಚಿಂಕಾರ ಅಭಯಾರಣ್ಯವಾಯಿತು. ಚಿಂಕಾರ, ಕೃಷ್ಣಮೃಗ ಇವು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯವು. ಕಡಲೆ ಹೊಲಕ್ಕೆ ಚಿಗರಿ ಬಂದರೆ ಕೂಗಿ ಓಡಿಸಿ, ತಮಟೆ ಬಡಿಯಿರಿ, ಗುರಿ ಇಡಬೇಡಿ. ಹಂದಿ ಹೊಡೆಯಲೂ ಅದೇ ಕಾಯ್ದೆಯಡಿ ಅರಣ್ಯ ಅಧಿಕಾರಿಯ ಅಪ್ಪಣೆ ಬೇಕು. ಬಂದೂಕಿನ ನೆವದಲ್ಲಿ ಬೇಟೆಗೆ ಹೊರಡುವವರ ವಕಾಲತ್ತು ನಾವು ವಹಿಸುವುದಿಲ್ಲ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುವ ಕಿರಿಕಿರಿ ಬೇರೆ ಇದೆ, ಅದನ್ನು ಇನ್ನೊಮ್ಮೆ ಬರೆಯೋಣ. ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಉಂಟಲ್ಲ ಎಂದು ಕೆಲವರು ಕೇಳುತ್ತಾರೆ. ಉಂಟು, 2029ರ ತನಕ. ಆದರೆ ವಿನಾಯಿತಿ ಇರುವುದು ಕೋವಿಗೆ, ತೋಟಾದ ದರಕ್ಕಲ್ಲ. ನಮ್ಮ ಜಿಲ್ಲೆಗೆ ಬಂದೂಕಿನ ನೆನಪು ಬೇರೆಯೇ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಕಾಯ್ದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಗೋದಿಲ್ಲ ಎಂದರು. ಕಂಪನಿಯ ಸೈನ್ಯ ಊರಿಗೆ ಬೆಂಕಿ ಇಟ್ಟು ಹಲವರನ್ನು ಗಲ್ಲಿಗೇರಿಸಿತು. ಈಗಿನ ಸರ್ಕಾರ ಹಾಗೇನೂ ಮಾಡುತ್ತಿಲ್ಲ. ಬಂದೂಕು ನಮ್ಮ ಮನೆಯಲ್ಲೇ ಇದೆ, ಖಾಲಿ. ಮಲಪ್ರಭಾ ಸೀಮೆಯ ರೈತ 1980ರ ಜುಲೈ 21ರಂದು ನರಗುಂದದಲ್ಲಿ ಕಂಡದ್ದನ್ನೂ ಹೇಳಿಬಿಡುತ್ತೇನೆ: ಪೊಲೀಸರಿಗೆ ಅವತ್ತು ತೋಟಾದ ಅಭಾವ ಇರಲಿಲ್ಲ.

ನಾವು ಪುಕ್ಕಟೆ ಕೇಳುತ್ತಿಲ್ಲ. ಲೈಸೆನ್ಸುದಾರ ಅಂಗಡಿಯಲ್ಲಿ ಎಷ್ಟು ತೋಟಾ ಬಂತು, ಯಾರಿಗೆ ಹೋಯಿತು ಎಂಬ ರಿಜಿಸ್ಟರು ಇಡಲೇಬೇಕು. ಅಂದ ಮೇಲೆ 'ಮಾಲಿಲ್ಲ' ಎಂಬ ಮಾತು ನಿಜವೋ ಸುಳ್ಳೋ ಎಂದು ತಿಳಿಯಲು ಸರ್ಕಾರಕ್ಕೆ ಒಂದು ತಾಸು ಸಾಕು. ಯೂರಿಯಾ ಅಂಗಡಿಯ ಮುಂದೆ ದಾಸ್ತಾನು ಮತ್ತು ದರದ ಹಲಗೆ ತೂಗುಹಾಕಿಸುವ ಸರ್ಕಾರ ಇಲ್ಲೂ ಒಂದು ಹಲಗೆ ತೂಗಿಸಲಿ. ಬೆಳೆ ರಕ್ಷಣೆಯ ಲೈಸೆನ್ಸಿನವರಿಗೆ ಹಂಗಾಮಿಗೆ ಇಷ್ಟು ತೋಟಾ ಎಂದು ಕಾರ್ಖಾನೆಯಿಂದಲೇ ತೆಗೆದಿಡಿಸಲಿ. ಅದನ್ನು ತಾಲೂಕಿಗೆ ತಂದು ಮುಟ್ಟಿಸುವ ದಾರಿ ಹುಡುಕಲಿ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ತಾಲೂಕುಗಳ ಲೈಸೆನ್ಸುದಾರರು ಒಂದು ಕಾಗದ ಬರೆಯಿರಿ. ಯಾವ ದಿನ ಕೊಂಡಿರಿ, ಎಷ್ಟು ಕೊಂಡಿರಿ, ಬಿಲ್ಲಿನ ದರ ಎಷ್ಟು, ಕೊಟ್ಟ ರೊಕ್ಕ ಎಷ್ಟು, ಹಳೆಯ ಬಿಲ್ಲಿದ್ದರೆ ಅದರ ನಕಲು. ಬಂದೂಕಿನ ನಂಬರು ಬೇಡ. ನೂರು ಕಾಗದ ಕೂಡಿದ ದಿನ ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಒಟ್ಟಿಗೆ ಹೋಗೋಣ. ಬರುವಾಗ ಬಂದೂಕು ಮನೆಯಲ್ಲಿ ಬಿಟ್ಟು ಬನ್ನಿ, ಖಾಲಿ ತೋಟಾದ ಸಿಪ್ಪೆಗಳನ್ನು ಚೀಲದಲ್ಲಿ ತನ್ನಿ.